ಆಟ ಮುಗಿದ ಮೇಲಿನ ಊಟ

ನಾಟಕ ನೋಡಲು ಹೋಗುವ ದಿನ ಊಟ ಯಾವ ಹೊತ್ತಿಗೆ? ಏಳೂವರೆಯ ಆಟಕ್ಕೆ ಆರು ಗಂಟೆಗೇ ಬಡಿಸಿಕೊಂಡು ಹೊರಡುವುದು ಒಂದು ದಾರಿ. ಮಧ್ಯಂತರದ ಬಟಾಟೆವಡೆಯಲ್ಲಿ ಹಸಿವನ್ನು ಸುಮ್ಮನಾಗಿಸಿ, ಹನ್ನೊಂದಕ್ಕೆ ಮನೆ ಸೇರಿ ಫ್ರಿಜ್ಜಿನ ಅನ್ನಕ್ಕೆ ಮೊಸರು ಕಲಸುವುದು ಇನ್ನೊಂದು. ಎರಡರಲ್ಲೂ ಊಟವೆಂದರೆ ನಾಟಕಕ್ಕೆ ಅಡ್ಡ ಬರುವ ಕೆಲಸ, ಹೇಗಾದರೂ ಮುಗಿಸಿಕೊಳ್ಳಬೇಕಾದ್ದು. ನಾನು ಮೂರನೆಯ ದಾರಿಯ ಪರ. ನಾಟಕದ ದಿನದ ಊಟ ನಾಟಕದ ಮೇಲೆಯೇ ಆಗಬೇಕು. ಜೊತೆಗೆ ಕೂತು ನೋಡಿದವರ ಜೊತೆಯಲ್ಲೇ ಆಗಬೇಕು. ದುಬಾರಿಯಲ್ಲದ, ಎಬ್ಬಿಸಿ ಕಳಿಸದ ಜಾಗದಲ್ಲಿ ಆಗಬೇಕು. ಹಾಗಾಗದಿದ್ದರೆ ನೋಡಿದ ನಾಟಕ ಅರ್ಧವೇ ಉಳಿಯುತ್ತದೆ.

ಈ ದಾರಿಯಲ್ಲಿ ನಡೆದು ನಡೆದು ಅದನ್ನು ಸವೆಸಿರುವ ಊರು ಪ್ಯಾರಿಸ್. ಅಲ್ಲಿನ ಬಿಸ್ಟ್ರೊ ಎಂಬ ಸಾದಾ ಊಟದ ಮನೆ ಮತ್ತು ಅಲ್ಲಿನ ರಂಗಮಂದಿರ ಒಂದಕ್ಕೊಂದು ಆತುಕೊಂಡು ಬೆಳೆದವು. ಅದು ಹೇಗೆ ಎಂದು ನೋಡಿದರೆ, ಊರಿಂದ ದೂರ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಯಲ್ಲಿ ಕನ್ನಡ ನಾಟಕ ಕಟ್ಟುವ ಮತ್ತು ನೋಡುವ ನಮಗೆ ಏನು ತಪ್ಪಿಹೋಗುತ್ತಿದೆ ಎಂಬುದೂ ಕಾಣುತ್ತದೆ.

ಇದ್ದಿಲು ಮಾರಿದವರ ಊಟದ ಮನೆ

ಬಿಸ್ಟ್ರೊ ಎಂದರೆ ನಮ್ಮ ನಗರಗಳಲ್ಲಿ ಮಾಲಿನ ಮೇಲ್ಮಹಡಿಯ ಮಬ್ಬು ದೀಪ, ಕೈಗೆ ಸಿಕ್ಕರೆ ಭಾರವೆನಿಸುವ ಮೆನು ಪುಸ್ತಕ, ಇನ್ನೂ ಭಾರದ ಬಿಲ್ಲು. ಮೂಲದ ಬಿಸ್ಟ್ರೊ ಇದಕ್ಕೆ ತೀರ ಉಲ್ಟಾ. ಆ ಹೆಸರಿನ ಹಿಂದೆ ಒಂದು ಜನಪ್ರಿಯ ಕತೆಯಿದೆ. 1814ರಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಪ್ಯಾರಿಸ್ಸಿಗೆ ಬಂದ ರಷ್ಯದ ಸೈನಿಕರು ಅಂಗಡಿಯವರಿಗೆ ‘ಬಿಸ್ತ್ರೊ, ಬಿಸ್ತ್ರೊ’ ಎಂದು ಕೂಗುತ್ತಿದ್ದರಂತೆ. ರಷ್ಯನ್ ಭಾಷೆಯಲ್ಲಿ ಅದರರ್ಥ ‘ಬೇಗ’. ಮೊಂಮಾರ್ತ್ರ್ ಗುಡ್ಡದ ಮೇಲೆ ಈ ಕತೆ ಹೇಳುವ ಫಲಕವೂ ಇದೆ. ಆದರೆ ಆ ಪದ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ, ಸೈನಿಕರು ಹೋಗಿ ಎಪ್ಪತ್ತು ವರ್ಷ ಕಳೆದ ಮೇಲೆ. ಭಾಷಾಪಂಡಿತರು ಕತೆಯನ್ನು ಒಪ್ಪುವುದಿಲ್ಲ. ನನಗೂ ಅದು ಹಿಡಿಸುವುದಿಲ್ಲ, ಬೇರೆ ಕಾರಣಕ್ಕೆ. ಬಿಸ್ಟ್ರೊದ ಜೀವಾಳವೇ ಅವಸರವಿಲ್ಲದಿರುವುದು.

ಅದನ್ನು ಕಟ್ಟಿದವರ ಕತೆ ಇದಕ್ಕಿಂತ ಚೆನ್ನಾಗಿದೆ. ಫ್ರಾನ್ಸಿನ ನಡುಮಧ್ಯದಲ್ಲಿ ಓವೆರ್ನ್ಯ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿನ ಬಡ ನೆಲ ಎಲ್ಲರನ್ನೂ ಸಾಕುತ್ತಿರಲಿಲ್ಲ. ಆ ಸೀಮೆಯ ಮತ್ತು ಅದರ ನೆರೆಯ ಅವೆರೋಂ ಜಿಲ್ಲೆಯ ಹುಡುಗರು ಪ್ಯಾರಿಸ್ಸಿಗೆ ಹೊರಟುಬಂದರು. ಮೊದಲು ಕೊಡದಲ್ಲಿ ನೀರು ಹೊತ್ತು ಮಹಡಿ ಮನೆಗಳಿಗೆ ಏರಿಸಿದರು. ಮನೆಮನೆಗೆ ನಲ್ಲಿ ಬಂದ ಮೇಲೆ ಸೌದೆ, ಇದ್ದಿಲು ಮಾರಿದರು. ಇದ್ದಿಲಂಗಡಿಯ ಒಂದು ಮೂಲೆಯಲ್ಲಿ ವೈನಿನ ಪೀಪಾಯಿ ಇಟ್ಟರು. ಗಂಡ ಇದ್ದಿಲಿನ ಮೂಟೆ ಹೊತ್ತು ಹೋದರೆ ಹೆಂಡತಿ ಗಲ್ಲಾದಲ್ಲಿ ಕೂತು ಲೋಟ ತುಂಬುತ್ತಿದ್ದಳು, ಒಲೆಯ ಮೇಲೆ ಒಂದು ಪಾತ್ರೆ ಬೇಯುತ್ತಿತ್ತು. ಬಂದವರಿಗೆ ಅದರಲ್ಲೇ ಒಂದು ತಟ್ಟೆ. ಪ್ಯಾರಿಸ್ಸಿನವರು ಇವರ ಉಚ್ಚಾರವನ್ನು ಅಣಕಿಸಿ ‘ಬೂನ್ಯಾ’ ಎಂದು ಕರೆದರು. ಅಣಕಿಸಿದವರೇ ಅಲ್ಲಿಗೆ ಬಂದು ತಿಂದರು.

ಮುಂಬಯಿಯ ಓದುಗರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಉಡುಪಿ, ಕುಂದಾಪುರದ ಹಳ್ಳಿಗಳಿಂದ ಬಂದು, ಲೋಟ ತೊಳೆದು, ಮೇಜು ಒರೆಸಿ, ಕೊನೆಗೆ ಗಲ್ಲಾದ ಹಿಂದೆ ಕೂತವರು ನಮ್ಮವರೇ. ಒಂದು ಮಹಾನಗರದ ಹಸಿವನ್ನು ದೂರದ ಒಂದು ಬಡ ಸೀಮೆಯವರು ವಹಿಸಿಕೊಳ್ಳುವುದು ಅಲ್ಲಿಯೂ ನಡೆದಿದೆ, ಇಲ್ಲಿಯೂ ನಡೆದಿದೆ. ಹಾಗಾಗಿ ಬಿಸ್ಟ್ರೊ ನಮಗೆ ಅಪರಿಚಿತ ವಸ್ತುವೇನಲ್ಲ, ಉಡುಪಿ ಹೋಟೆಲಿನ ದೂರದ ದಾಯಾದಿ.

ಅದರ ನಡವಳಿಕೆಗಳನ್ನು ಸ್ವಲ್ಪ ಗಮನಿಸೋಣ. ಆ ದಿನದ ಅಡುಗೆಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಶುರುವಿಗೆ ಎರಡು ಮೂರು, ನಡುವಿಗೆ ಮೂರು ನಾಲ್ಕು, ಸಿಹಿಗೆ ಎರಡು ಮೂರು. ನಾವು ಮೆನು ಎನ್ನುವ ಉದ್ದದ ಪಟ್ಟಿಗೆ ಫ್ರೆಂಚರ ಹೆಸರು ‘ಕಾರ್ತ್’. ಅವರ ‘ಮೆನ್ಯು’ ಎಂದರೆ ಒಂದೇ ದರಕ್ಕೆ ಸಿಗುವ ಪೂರ್ತಿ ಊಟ, ನಮ್ಮ ರೈಸ್‌ಪ್ಲೇಟಿನ ಹಾಗೆ. ಊಟಕ್ಕೆ ಕೂತವರಿಗೆ ಬ್ರೆಡ್ಡಿಗೂ ಹೂಜಿಯ ನಲ್ಲಿನೀರಿಗೂ ಬೇರೆ ದುಡ್ಡಿಲ್ಲ. ಬಡಿಸಿದವರ ಸೇವೆಯ ದರ ಹಲಗೆಯ ಮೇಲಿನ ಬೆಲೆಯಲ್ಲೇ ಸೇರಿರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಪದ್ಧತಿ ಇನ್ನೊಂದು: ನೀವು ಕೇಳುವವರೆಗೆ ಬಿಲ್ಲು ಮೇಜಿಗೆ ಬರುವುದಿಲ್ಲ. ಕೇಳದೆ ತಂದಿಟ್ಟರೆ ಅದು ಎದ್ದು ಹೋಗಿ ಎಂದಂತೆ, ಅಂದರೆ ಅಸಭ್ಯತೆ. ತಟ್ಟೆ ಖಾಲಿಯಾದ ಮೇಲೂ ಮೇಜು ನಿಮ್ಮದೇ. ನಾಟಕ ನೋಡಿ ಬಂದವರಿಗೆ ಇದಕ್ಕಿಂತ ಬೇಕಾದ್ದು ಇನ್ನೇನಿದೆ?

ಆ ಊಟಕ್ಕೆ ಅಲ್ಲೊಂದು ಹೆಸರೇ ಇದೆ

ಫ್ರೆಂಚರ ಪ್ರಸಿದ್ಧ ನಾಟಕ ಸಂಸ್ಥೆ ಕೊಮೆದಿ-ಫ್ರಾನ್ಸೇಜ್ ಹುಟ್ಟಿದ್ದು 1680ರಲ್ಲಿ, ಹದಿನಾಲ್ಕನೇ ಲೂಯಿಯ ಆಜ್ಞೆಯಿಂದ. ಆಗ ಮೊಲಿಯೇರ್ ತೀರಿಕೊಂಡು ಏಳು ವರ್ಷವಾಗಿತ್ತು, ಅವನ ತಂಡದವರು ಅದರಲ್ಲಿ ಸೇರಿದರು. 1689ರಲ್ಲಿ ಸಂಸ್ಥೆ ಹೊಸ ಕಟ್ಟಡಕ್ಕೆ ಬಂದಿತು. ಎದುರಿಗೇ ಸಿಸಿಲಿಯಿಂದ ಬಂದ ಪ್ರೊಕೋಪಿಯೊ ಎಂಬಾತ 1686ರಲ್ಲಿ ತೆರೆದಿದ್ದ ಕಾಫಿಮನೆಯಿತ್ತು. ನಟರು, ಬರೆಯುವವರು, ನೋಡುವವರು ಎಲ್ಲರೂ ಬೀದಿ ದಾಟಿ ಅಲ್ಲಿಗೆ ಹೋಗಲು ತೊಡಗಿದರು. ನಾಟಕದ ಗೆಲುವು ಸೋಲು ಆ ಮೇಜುಗಳ ಮೇಲೆ ತೀರ್ಮಾನವಾಗುತ್ತಿತ್ತು. ಪ್ರೊಕೋಪ್ ಇವತ್ತಿಗೂ ಅದೇ ಬೀದಿಯಲ್ಲಿದೆ, ಬೀದಿಯ ಹೆಸರು ಇವತ್ತಿಗೂ ‘ಹಳೆಯ ಕೊಮೆದಿ ಬೀದಿ’.

ಆಗಿನ ದಿನಚರಿಯಲ್ಲಿ ‘ದೀನೇ’ ಎಂಬ ದೊಡ್ಡ ಊಟ ಹಗಲಿನದು. ನಾಟಕ ಇಳಿಹೊತ್ತಿಗೆ ಶುರು. ಅದು ಮುಗಿದ ಮೇಲೆ ರಾತ್ರಿಯ ‘ಸೂಪೇ’. ಕಾಲ ಕಳೆದಂತೆ ದೀನೇ ಜರುಗುತ್ತಾ ಜರುಗುತ್ತಾ ಸಂಜೆಗೆ ಬಂತು, ನಾಟಕವೂ ರಾತ್ರಿಗೆ ಸರಿಯಿತು. ಸೂಪೇಗೆ ಉಳಿದ ಜಾಗ ನಾಟಕದ ಆಚೆಗಿನ ತಡರಾತ್ರಿ ಮಾತ್ರ. ಕೆನಡಾದ ಕೆಬೆಕ್‌ನಲ್ಲಿ, ಬೆಲ್ಜಿಯಮ್ಮಿನಲ್ಲಿ ಈಗಲೂ ಸೂಪೇ ಅಂದರೆ ದಿನನಿತ್ಯದ ರಾತ್ರಿಯೂಟ. ಪ್ಯಾರಿಸ್ಸಿನಲ್ಲಿ ಮಾತ್ರ ಆ ಪದಕ್ಕೆ ಆಟ ನೋಡಿ ಬಂದು ಮಾಡುವ ಊಟ ಎಂಬ ಅರ್ಥ ಅಂಟಿಕೊಂಡಿದೆ. ಒಂದು ಊರಿನ ಜನ ಯಾವುದನ್ನು ತಮ್ಮದು ಎಂದುಕೊಂಡಿದ್ದಾರೆ ಎಂದು ತಿಳಿಯಲು ಅವರು ಯಾವುದಕ್ಕೆ ಹೆಸರಿಟ್ಟಿದ್ದಾರೆ ಎಂದು ನೋಡಿದರೆ ಸಾಕು.

ಗಡಿಯಾರದ ಎದುರಿನ ಊಟ

ಲಂಡನ್ ಮತ್ತು ನ್ಯೂಯಾರ್ಕ್ ಇದೇ ಬಿಸ್ಟ್ರೊವನ್ನು ಕರೆತಂದು ತಿರುಗಿಸಿ ಕೂರಿಸಿದವು. ಲಂಡನ್ನಿನ ವೆಸ್ಟ್ ಎಂಡ್‌ನಲ್ಲಿ ಆಟ ಸಾಮಾನ್ಯವಾಗಿ ಏಳೂವರೆಗೆ. ಸುತ್ತಲಿನ ಫ್ರೆಂಚ್ ಊಟದ ಮನೆಗಳಲ್ಲಿ ಐದೂವರೆಯಿಂದಲೇ ‘ಪ್ರೀ-ಥಿಯೇಟರ್’ ಎಂಬ ಅಗ್ಗದ ಊಟ ಶುರುವಾಗುತ್ತದೆ, ಎರಡು ಅಥವಾ ಮೂರು ಬಗೆ, ಒಂದೇ ದರ. ಮನ್‌ಮತ್ ಬೀದಿಯ ‘ಮೊಂ ಪ್ಲೇಜಿರ್’ ಈ ಬಗೆಯ ಊಟಕ್ಕೆ ಹೆಸರಾದ ಹಳೆಯ ಜಾಗ. ನ್ಯೂಯಾರ್ಕಿನಲ್ಲಂತೂ ಬ್ರಾಡ್‌ವೇ ರಂಗಮಂದಿರಗಳ ಪಕ್ಕದ 46ನೇ ಬೀದಿಯ ಒಂದು ತುಂಡಿಗೆ ‘ರೆಸ್ಟೊರೆಂಟ್ ರೋ’ ಎಂದೇ ಹೆಸರು. ಸಂಜೆ ಆರಕ್ಕೆ ತುಂಬಿ ತುಳುಕಿ, ತೆರೆ ಏಳುವ ಹೊತ್ತಿಗೆ ಬರಿದಾಗುತ್ತದೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ದರ ಕಡಿಮೆ, ಹಸಿವು ತೀರುತ್ತದೆ, ‘ನಿಮ್ಮ ಶೋ ಎಷ್ಟು ಗಂಟೆಗೆ?’ ಎಂದು ಮೊದಲೇ ವಿಚಾರಿಸಿಕೊಂಡು ಬಡಿಸುತ್ತಾರೆ. ಎಲ್ಲ ಸರಿ. ಆದರೆ ಆ ಮೇಜಿನ ಮೇಲಿನ ಮಾತು ಯಾವುದು? ಟ್ರಾಫಿಕ್ ಎಷ್ಟಿತ್ತು, ಟಿಕೆಟ್ ಯಾರ ಹತ್ತಿರ ಇದೆ, ಮಗಳ ಕಾಲೇಜಿನ ಫೀಸು ಎಷ್ಟಾಯಿತು. ನಾಟಕದ ಬಗ್ಗೆ ಆಡಲು ಇನ್ನೂ ಏನೂ ಇಲ್ಲ. ಒಂದು ಕಣ್ಣು ಗಡಿಯಾರದ ಮೇಲೆ. ಸಿಹಿ ಬರುವಷ್ಟರಲ್ಲಿ ಯಾರೋ ಒಬ್ಬರು ಎದ್ದು ಕೋಟು ಹಾಕಿಕೊಂಡಿರುತ್ತಾರೆ. ಹೊಟ್ಟೆ ತುಂಬ ಬೆಣ್ಣೆಯಲ್ಲಿ ಹುರಿದದ್ದು, ಮೇಲೆ ಒಂದು ಲೋಟ ವೈನು. ಎರಡನೇ ಅಂಕದಲ್ಲಿ ತಲೆ ತೂಗುವುದು ನಾಟಕಕಾರನ ತಪ್ಪಲ್ಲ.

ನಾಟಕಕ್ಕೆ ಮುಂಚಿನ ಊಟಗಳೆಲ್ಲ ಹೀಗೇ ಎಂದರೆ ಅನ್ಯಾಯವಾದೀತು. ಒಂದು ಊಟವಂತೂ ಚರಿತ್ರೆಯಲ್ಲೇ ಉಳಿದಿದೆ. 1830ರ ಫೆಬ್ರವರಿ 25ರಂದು ವಿಕ್ಟರ್ ಹ್ಯೂಗೋನ ‘ಎರ್ನಾನಿ’ ಕೊಮೆದಿ-ಫ್ರಾನ್ಸೇಜ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಹಳೆಯ ನಿಯಮಗಳನ್ನು ಮುರಿದ ನಾಟಕ ಅದು, ಕೂಗಿ ಕೆಡಿಸಲು ವಿರೋಧಿಗಳು ಸಜ್ಜಾಗಿದ್ದರು. ಕೂಲಿಗೆ ಚಪ್ಪಾಳೆ ತಟ್ಟುವವರನ್ನು ಹ್ಯೂಗೋ ಬೇಡವೆಂದ. ಬದಲಿಗೆ ಎಳೆಯ ಕವಿಗಳು, ಚಿತ್ರಕಾರರು ಬೆಂಬಲಕ್ಕೆ ಬಂದರು. ಅವರನ್ನು ಹಲವು ಗಂಟೆ ಮೊದಲೇ ಒಳಗೆ ಬಿಟ್ಟು ಬಾಗಿಲು ಹಾಕಲಾಯಿತು. ಕತ್ತಲ ಸಭಾಂಗಣದಲ್ಲಿ ಅವರು ಕಟ್ಟಿತಂದಿದ್ದ ಬ್ರೆಡ್ಡು, ಬೆಳ್ಳುಳ್ಳಿ ಹಾಕಿದ ಸಾಸೇಜು ತಿಂದರು, ಹಾಡಿದರು, ವಾದ ಮಾಡಿದರು. ಸಂಜೆ ಸಿಂಗರಿಸಿಕೊಂಡು ಬಂದ ಶ್ರೀಮಂತರಿಗೆ ಆ ವಾಸನೆ ತಡೆಯಲಾಗಲಿಲ್ಲ. ಮುಂಚಿನ ಊಟಕ್ಕೆ ಅಷ್ಟು ಕಾವು ಬಂದದ್ದು ಅವರಿಗೆ ನಾಟಕದ ಜಗಳ ಮೊದಲೇ ಗೊತ್ತಿದ್ದುದರಿಂದ. ನಮಗೆ ನಿಮಗೆ ಅಂಥ ಸಂಜೆ ಬಾಳಿನಲ್ಲಿ ಒಂದು ಸಿಕ್ಕರೆ ಪುಣ್ಯ. ಉಳಿದ ಸಂಜೆಗಳಲ್ಲಿ ಜಗಳ ಹುಟ್ಟಬೇಕಾದರೆ ಮೊದಲು ತೆರೆ ಬೀಳಬೇಕು.

ತೆರೆ ಬಿದ್ದ ಮೇಲೆ

ಪ್ಯಾರಿಸ್ಸಿನ ಆಟಗಳು ಎಂಟಕ್ಕೆ, ಎಂಟೂವರೆಗೆ, ಕೆಲವು ಒಂಬತ್ತಕ್ಕೇ ಶುರು. ಮುಗಿಯುವಾಗ ಹತ್ತು, ಹನ್ನೊಂದು. ಇಷ್ಟು ಹೊತ್ತಾದ ಮೇಲೂ ಒಲೆ ಉರಿಯುವ ಜಾಗಗಳು ಅಲ್ಲಿ ಹುಟ್ಟಿಕೊಂಡದ್ದಕ್ಕೆ ಒಂದೊಂದಕ್ಕೆ ಒಂದೊಂದು ಕಾರಣ. ನಗರದ ನಡುವಿನ ‘ಲೆ ಆಲ್’ ಸಗಟು ಮಾರುಕಟ್ಟೆಗೆ ರಾತ್ರಿಯೇ ಹಗಲು. ಗಾಡಿಗಳಿಂದ ಮೂಟೆ ಇಳಿಸುವ ಹಮಾಲರಿಗೆ ನಡುರಾತ್ರಿ ಬಿಸಿ ಬಿಸಿ ಈರುಳ್ಳಿ ಸೂಪು ಬೇಕು. ಮೇಲೆ ಬ್ರೆಡ್ಡು, ಅದರ ಮೇಲೆ ತುರಿದ ಚೀಸು, ಕೆಂಡದಂತೆ ಕಾದ ಒಲೆಯಲ್ಲಿ ಕಂದು ಬಣ್ಣ ಬರುವವರೆಗೆ ಸುಟ್ಟದ್ದು. ಅದೇ ಸೂಪಿಗಾಗಿ ರಂಗಮಂದಿರಗಳಿಂದ ಕಪ್ಪು ಕೋಟಿನವರೂ ಬಂದರು. ರಕ್ತದ ಕಲೆಯ ಮೇಲಂಗಿ ತೊಟ್ಟ ಮಾಂಸದಂಗಡಿಯವನ ಪಕ್ಕದ ಕುರ್ಚಿಯಲ್ಲಿ ರೇಷ್ಮೆ ಕೈಗವಸಿನ ಹೆಂಗಸು ಕೂತು ಒಂದೇ ಬಗೆಯ ಬಟ್ಟಲಿನಲ್ಲಿ ಚಮಚ ಅದ್ದಿದಳು. ಮಾರುಕಟ್ಟೆ 1969ರಲ್ಲಿ ಊರಾಚೆಯ ರಂಜಿಸ್‌ಗೆ ಹೋಯಿತು. 1947ರಲ್ಲಿ ಅಲ್ಲಿ ತೆರೆದ, ಹಗಲು ರಾತ್ರಿ ಬಡಿಸಿ ಹೆಸರು ಮಾಡಿದ ‘ಒ ಪ್ಯೆ ದ ಕೊಶೋಂ’ ಉಳಿಯಿತು.

ಇನ್ನೊಂದು ಕಡೆ, ‘ದೊಡ್ಡ ಬುಲೆವಾರ್ಡು’ಗಳ ಉದ್ದಕ್ಕೂ ನಾಟಕಶಾಲೆಗಳ ಸಾಲು. ಅವುಗಳಲ್ಲಿ ‘ವೇರಿಯೆತೆ’ 1807ರಿಂದ ಇದೆ. ಅಲ್ಲಿಂದ ಕೆಲವೇ ಹೆಜ್ಜೆಯಾಚೆ 1896ರಲ್ಲಿ ತೆರೆದ ‘ಬೂಯೋಂ ಶಾರ್ತಿಯೇ’. ಬೂಯೋಂ ಎಂದರೆ ಸಾರು. ಬಡ ಕೆಲಸಗಾರರಿಗೆ ಕಡಿಮೆ ದುಡ್ಡಿಗೆ ಬಿಸಿ ಊಟ ಹಾಕಲು ಹುಟ್ಟಿದ ಊಟದ ಮನೆಗಳಿಗೆ ಆ ಹೆಸರು. ಶಾರ್ತಿಯೇಯಲ್ಲಿ ಇವತ್ತಿಗೂ ಮೇಜಿಗೆ ಹಾಸಿದ ಕಾಗದದ ಮೇಲೆಯೇ ಬಡಿಸುವವರು ಲೆಕ್ಕ ಬರೆದು ಕೂಡುತ್ತಾರೆ. ಗೋಡೆಯಲ್ಲಿ ಸಣ್ಣ ಸಣ್ಣ ಖಾನೆಗಳಿವೆ. ಹಿಂದೆ ದಿನಾ ಬರುವವರು ತಮ್ಮ ಊಟದ ವಸ್ತ್ರವನ್ನು ಅದರಲ್ಲಿಟ್ಟು ಹೋಗುತ್ತಿದ್ದರು. ಕುರ್ಚಿ ಖಾಲಿಯಿದ್ದರೆ ಅಪರಿಚಿತರನ್ನೂ ನಿಮ್ಮ ಮೇಜಿಗೇ ಕೂರಿಸುತ್ತಾರೆ. ಅವರು ಬೇರೆ ನಾಟಕ ನೋಡಿ ಬಂದಿದ್ದರೆ ನಿಮಗೆ ಎರಡು ನಾಟಕದ ಸುದ್ದಿ.

ನಮ್ಮಲ್ಲಿ ಅಲ್ಲಿಗೆ ಹೋಗುವ ಸಸ್ಯಾಹಾರಿಗಳಿಗೆ ಒಂದು ಮಾತು. ಈರುಳ್ಳಿ ಸೂಪು ಎಂಬ ಹೆಸರನ್ನು ನಂಬಬೇಡಿ, ಸಂಪ್ರದಾಯದ ಪ್ರಕಾರ ಅದನ್ನು ಕುದಿಸುವುದು ದನದ ಮಾಂಸದ ಸಾರಿನಲ್ಲಿ. ಸಲಾಡಿನಲ್ಲೂ ಹಂದಿಮಾಂಸದ ಸಣ್ಣ ತುಂಡುಗಳು ಅಡಗಿರಬಹುದು. ಬಿಸಿ ಮಾಡಿದ ಆಡಿನ ಹಾಲಿನ ಚೀಸಿನ ಸಲಾಡು, ಬೇಯಿಸಿದ ಲೀಕ್ ದಂಟಿಗೆ ಸಾಸಿವೆ ಹುಳಿ ಹಾಕಿದ್ದು, ಕೆನೆಯಲ್ಲಿ ಬೆಂದ ಆಲೂಗಡ್ಡೆಯ ಗ್ರಾತಾಂ, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ಟು, ಕೊನೆಗೆ ಕ್ಯಾರಮೆಲ್ ಕಸ್ಟರ್ಡು. ಕೇಳಿಕೊಂಡು ತಿಂದರೆ ಹೊಟ್ಟೆ ತುಂಬುತ್ತದೆ. ಅಂದಹಾಗೆ, ಇಲ್ಲಿ ತಟ್ಟೆ ಎರಡನೆಯದು.

ಮೊದಲನೆಯದು ಮಾತು. ಆ ಮಾತು ಶುರುವಾಗುವ ಬಗೆಯನ್ನು ಗಮನಿಸಿ. ಕೂತ ಕೂಡಲೇ ಯಾರೂ ನಾಟಕದ ಸುದ್ದಿ ಎತ್ತುವುದಿಲ್ಲ. ಕುರ್ಚಿ ಎಳೆಯುವುದು, ಹಲಗೆ ಓದುವುದು, ಬ್ರೆಡ್ಡು ಮುರಿಯುವುದು. ಆಮೇಲೆ ಯಾರೋ ಒಬ್ಬರು, ‘ಅದೆಲ್ಲ ಸರಿ, ಆದರೆ ಕೊನೆ ನನಗೆ ಸರಿಹೋಗಲಿಲ್ಲ’ ಎನ್ನುತ್ತಾರೆ. ಮೊಲಿಯೇರನ ‘ತಾರ್ತ್ಯುಫ್’ ನೋಡಿ ಬಂದಿದ್ದೀರಿ ಎಂದುಕೊಳ್ಳಿ. ಭಕ್ತನ ಸೋಗು ಹಾಕಿದವನೊಬ್ಬ ಒಂದು ಮನೆ ಹೊಕ್ಕು ಯಜಮಾನನ ಬುದ್ಧಿ, ಆಸ್ತಿ ಎರಡನ್ನೂ ಕೈಗೆ ಹಾಕಿಕೊಳ್ಳುತ್ತಾನೆ. ಎಲ್ಲ ಕಳೆದುಹೋಯಿತು ಎನ್ನುವಾಗ ರಾಜನ ಅಧಿಕಾರಿ ಬಂದು ಕಳ್ಳನನ್ನೇ ಹಿಡಿಯುತ್ತಾನೆ. ಇದು ರಾಜನಿಗೆ ಹಚ್ಚಿದ ಬೆಣ್ಣೆ ಎನ್ನುತ್ತಾರೆ ಒಬ್ಬರು. 1664ರಲ್ಲಿ ನಿಷೇಧಕ್ಕೊಳಗಾಗಿ 1669ರಲ್ಲಿ ಅನುಮತಿ ಪಡೆದ ನಾಟಕ ಅದು, ಬೆಣ್ಣೆ ಬೇಕಾಗಿತ್ತು ಎನ್ನುತ್ತಾರೆ ಇನ್ನೊಬ್ಬರು. ಅಲ್ಲ, ರಾಜ ಬಂದು ಬಿಡಿಸದಿದ್ದರೆ ಇಂಥ ಮನೆ ಉಳಿಯುವುದೇ ಇಲ್ಲ ಎಂದು ತಿಳಿಸಲೆಂದೇ ಅಂಥ ನಂಬಲಾಗದ ಕೊನೆ ಇಟ್ಟಿದ್ದಾನೆ ಎನ್ನುತ್ತಾರೆ ಮೂರನೆಯವರು. ಅಷ್ಟು ಹೊತ್ತೂ ಸುಮ್ಮನಿದ್ದ ನಾಲ್ಕನೆಯವರು, ‘ನನ್ನ ಮಾವನ ಮನೆಯಲ್ಲೂ ಒಬ್ಬ ಹೀಗೆ ಸೇರಿಕೊಂಡಿದ್ದ’ ಎಂದು ಬಾಯಿ ತೆರೆಯುತ್ತಾರೆ. ಮುನ್ನೂರೈವತ್ತು ವರ್ಷ ಹಳೆಯ ನಾಟಕ ಮೇಜಿನ ಮೇಲೆ ಬಂದು ಕೂರುವುದು ಆಗ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ. ನಾಟಕದ ಮೇಜಿಗೆ ಅದರ ಎರಡನೇ ಅರ್ಧವನ್ನು ಸ್ವಲ್ಪ ತಿದ್ದಬೇಕು. ಮಾತು ಬಲ್ಲವರು ಅಲ್ಲಿ ಜಗಳವಾಡಲೇಬೇಕು, ಆಡಿ ಬ್ರೆಡ್ಡಿನ ಬುಟ್ಟಿಯನ್ನು ಆಚೆ ದಾಟಿಸಬೇಕು.

ಎದುರು ವಾದಗಳು

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಹಸಿವು. ಹತ್ತು ಗಂಟೆಯವರೆಗೆ ಖಾಲಿ ಹೊಟ್ಟೆಯಲ್ಲಿ ಕೂತರೆ ರಂಗದ ಮೇಲಿನ ಪಿಸುಮಾತಿಗಿಂತ ಹೊಟ್ಟೆಯ ಗುರುಗುರು ಜೋರಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಅದು ಅಪಾಯವೂ ಹೌದು. ಅದಕ್ಕೆ ಉಪಾಯ ಸುಲಭ: ಆರಕ್ಕೆ ತಿಂಡಿ, ಆಮೇಲೆ ಊಟ. ಎರಡು ಇಡ್ಲಿ, ಒಂದು ಕಾಫಿ ಮೂರು ಅಂಕ ದಾಟಿಸುತ್ತದೆ. ಮೇಲಿನ ಊಟವೂ ಹಗುರವಾಗಿರಲಿ. ಸೂಪು ಆ ಹೊತ್ತಿನ ಊಟವಾದದ್ದು ಸುಮ್ಮನೆ ಅಲ್ಲ.

ಎರಡನೆಯದು ಬಡಿಸುವವರದು. ನಾವು ಹನ್ನೊಂದೂವರೆಗೆ ವಾದ ಮಾಡುತ್ತ ಕೂತರೆ ಪಾತ್ರೆ ತೊಳೆಯುವ ಹುಡುಗ ಎಷ್ಟಕ್ಕೆ ಮನೆ ಸೇರಬೇಕು? ಇದು ನಿಜವಾದ ಪ್ರಶ್ನೆ. ಪ್ಯಾರಿಸ್ಸಿನಲ್ಲೂ ಎಲ್ಲ ಬಿಸ್ಟ್ರೊಗಳು ತಡರಾತ್ರಿಯವರೆಗೆ ಬಡಿಸುವುದಿಲ್ಲ. ಹತ್ತು, ಹತ್ತೂವರೆಗೆ ಒಲೆ ಆರಿಸುವವೇ ಹೆಚ್ಚು. ಕಳೆದ ಅರ್ಧ ಶತಮಾನದಲ್ಲಿ ಫ್ರಾನ್ಸಿನ ಕಾಫಿಮನೆ, ಬಿಸ್ಟ್ರೊಗಳ ಸಂಖ್ಯೆ ಎಷ್ಟು ಇಳಿದಿದೆಯೆಂದರೆ, 2024ರಲ್ಲಿ ಅಲ್ಲಿನ ಸರಕಾರ ಅವುಗಳ ಬಳಕೆಯನ್ನು ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಬೇಕಾಯಿತು. ಪಟ್ಟಿಗೆ ಸೇರಿಸುವ ಕಾಲ ಬಂತೆಂದರೆ ಆತಂಕ ಇದೆ ಎಂದರ್ಥ. ತಡರಾತ್ರಿಯ ಕೆಲಸಕ್ಕೆ ತಕ್ಕ ಕೂಲಿ, ಮನೆಗೆ ಹೋಗಲು ವಾಹನ, ಪಾಳಿ ಬದಲಾವಣೆ ಇಲ್ಲದೆ ಈ ಸುಖವನ್ನು ಕೇಳುವ ಹಕ್ಕು ನಮಗಿಲ್ಲ. ಅದರ ಖರ್ಚು ಊಟದ ದರದಲ್ಲಿ ಸೇರಲಿ, ಕೊಡೋಣ.

ಮೂರನೆಯದು ಕೊನೆಯ ರೈಲು. ಫ್ರಾಂಸ್ವಾ ತ್ರ್ಯುಫೊ 1980ರಲ್ಲಿ ಮಾಡಿದ ಒಂದು ಸಿನಿಮಾದ ಹೆಸರೇ ‘ಕೊನೆಯ ಮೆಟ್ರೊ’. ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನ ಒಂದು ರಂಗಮಂದಿರದ ಕತೆ ಅದು. ಆಗ ರಾತ್ರಿ ಕರ್ಫ್ಯೂ. ನಾಟಕ ನೋಡಿದವರು ಕೊನೆಯ ಮೆಟ್ರೊ ಹಿಡಿಯಲೇಬೇಕು, ತಪ್ಪಿದರೆ ಬೀದಿಯಲ್ಲಿ ಪೊಲೀಸರ ಕೈಗೆ. ನಾಟಕ ನಡೆಯಿತು, ಜನ ತುಂಬಿದರು, ಆದರೆ ನಾಟಕದ ನಂತರದ ಊರು ಇರಲಿಲ್ಲ. ನಮ್ಮ ನಗರಗಳಲ್ಲಿ ಕರ್ಫ್ಯೂ ಇಲ್ಲ. ಆದರೂ ಕೊನೆಯ ಹಾಡು ಮುಗಿಯುವ ಮುಂಚೆಯೇ ಸಾಲುಸಾಲಾಗಿ ಎದ್ದು ಬಾಗಿಲ ಕಡೆ ಸರಿಯುವ ಪ್ರೇಕ್ಷಕರನ್ನು ನೀವೂ ನೋಡಿದ್ದೀರಿ.

ನಮ್ಮ ಊರುಗಳಲ್ಲಿ

ಕರಾವಳಿಯವರು ಯಕ್ಷಗಾನವನ್ನು ಆಟ ಎನ್ನುತ್ತಾರೆ. ಇಡೀ ರಾತ್ರಿಯ ಆಟ ಬೆಳಗಿನ ಜಾವ ಮುಗಿದರೆ ಊರವರೆಲ್ಲ ಗದ್ದೆಯ ಅಂಚಿನ ಮೇಲೆ ಸಾಲಾಗಿ ನಡೆದು ಮನೆಗೆ ಮರಳುತ್ತಿದ್ದರು. ಭಾಗವತರ ಪದ, ಅರ್ಥ ಹೇಳಿದವನ ಜಾಣತನ, ಬಣ್ಣದ ವೇಷದ ಅಬ್ಬರ, ಎಲ್ಲದರ ವಿಮರ್ಶೆ ಆ ನಡಿಗೆಯಲ್ಲೇ. ಬಿಸ್ಟ್ರೊದ ಮೇಜು ಮಾಡುವ ಕೆಲಸವನ್ನು ನಮಗೆ ಆ ದಾರಿ ಮಾಡಿಕೊಡುತ್ತಿತ್ತು. ನಗರಕ್ಕೆ ಬಂದ ಮೇಲೆ ಆಟ ಕಾಲಮಿತಿಯದಾಯಿತು, ದಾರಿ ಬೇರೆ ಬೇರೆಯಾಯಿತು. ಒಬ್ಬರು ಡೊಂಬಿವಲಿಗೆ, ಒಬ್ಬರು ಮೀರಾ ರೋಡಿಗೆ, ಒಬ್ಬರು ವಾಶಿಗೆ. ದಿಲ್ಲಿಯಲ್ಲಿ ಒಬ್ಬರು ನೋಯ್ಡಾಕ್ಕೆ, ಒಬ್ಬರು ದ್ವಾರಕಾಕ್ಕೆ. ನಡೆದು ಹೋಗುವ ದಾರಿಯನ್ನು ಕಳೆದುಕೊಂಡೆವು, ಕೂರುವ ಮೇಜನ್ನು ಕಟ್ಟಿಕೊಳ್ಳಲಿಲ್ಲ.

ಇದರ ನಷ್ಟ ನಾಟಕಕ್ಕೆ ಮಾತ್ರ ಎಂದುಕೊಂಡರೆ ಸಾಲದು. ಹೊರನಾಡಿನಲ್ಲಿ ನಮ್ಮ ಕನ್ನಡ ಬಹುಮಟ್ಟಿಗೆ ಅಡುಗೆಮನೆಯ, ಫೋನಿನ, ಮದುವೆಮನೆಯ ಕನ್ನಡ. ಉಪ್ಪು ಕೊಡು, ಊಟ ಆಯಿತಾ, ಅಜ್ಜಿ ಹೇಗಿದ್ದಾರೆ. ವಾದಕ್ಕೆ ನಿಂತ ಕೂಡಲೇ ನಾವು ಇಂಗ್ಲಿಷಿಗೋ ಹಿಂದಿಗೋ ಹಾರುತ್ತೇವೆ, ಮಕ್ಕಳಂತೂ ಮೊದಲೇ ಹಾರಿರುತ್ತಾರೆ. ‘ಅವಳು ಹಾಗೆ ಮಾಡಿದ್ದು ಸರಿಯೇ?’ ಎಂದು ದೊಡ್ಡವರು ಕನ್ನಡದಲ್ಲಿ ಹತ್ತು ನಿಮಿಷ ಹಟ ಹಿಡಿದು ವಾದಿಸುವ ಸಂದರ್ಭ ವರ್ಷಕ್ಕೆ ಎಷ್ಟು ಸಲ ಬರುತ್ತದೆ? ಕನ್ನಡ ನಾಟಕದ ರಾತ್ರಿ ಅಂಥದ್ದೊಂದು. ಪಾತ್ರಗಳು ಕನ್ನಡದಲ್ಲಿ ಜಗಳವಾಡಿವೆ, ಕಿವಿಯಲ್ಲಿ ಆ ಮಾತು ಇನ್ನೂ ಬಿಸಿಯಾಗಿದೆ. ಆ ಬಿಸಿ ಆರುವ ಮುಂಚೆ ಒಂದು ಮೇಜು ಸಿಕ್ಕರೆ ನಮ್ಮ ಬಾಯಲ್ಲೂ ಅದೇ ಕನ್ನಡ ಹೊರಡುತ್ತದೆ. ಸಿಗದಿದ್ದರೆ ಲೋಕಲ್ಲಿನ ಬಾಗಿಲಲ್ಲಿ ನೇತಾಡುವಾಗಲೇ ಅದು ಆರಿಹೋಗುತ್ತದೆ.

ನಮ್ಮ ಸುತ್ತಲೇ ಮಾದರಿಗಳಿವೆ. ಚೆನ್ನೈಯಲ್ಲಿ ಮಾರ್ಗಳಿ ತಿಂಗಳ ಕಛೇರಿಗಳ ಪಕ್ಕದಲ್ಲೇ ಸಭೆಗಳ ಕ್ಯಾಂಟೀನು. ಹಾಡಿದವರ ತೋಡಿ ರಾಗ ಹೇಗಿತ್ತು ಎಂಬ ತೀರ್ಪು ಹೊರಬೀಳುವುದು ಅಲ್ಲಿನ ಎಲೆಯ ಮುಂದೆ. ಮುಂಬಯಿಯ ಜುಹುವಿನಲ್ಲಿ 1978ರಿಂದ ಇರುವ ಪೃಥ್ವಿ, ಬೆಂಗಳೂರಿನಲ್ಲಿ 2004ರಿಂದ ಇರುವ ರಂಗಶಂಕರ, ಎರಡೂ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಎರಡರ ಅಂಗಳದಲ್ಲೂ ಕಾಫಿ ತಿಂಡಿಯ ಜಾಗವಿದೆ. ಸಮಯದ ಶಿಸ್ತು ಒಳಗೆ, ಸಡಿಲ ಹೊರಗೆ. ಎರಡೂ ಬೇಕು.

ನಮ್ಮ ಸಂಘಗಳ ಕಾರ್ಯಕ್ರಮದಲ್ಲಿ ಇದು ಹೆಚ್ಚಾಗಿ ತಲೆಕೆಳಗಾಗಿರುತ್ತದೆ. ಆರಕ್ಕೆ ಎಂದು ಅಚ್ಚಾದ ನಾಟಕಕ್ಕೆ ಮುಂಚೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ಅತಿಥಿಗಳ ‘ಎರಡೇ ಮಾತು’. ಏಳೂವರೆಗೆ ತೆರೆ ಏಳುತ್ತದೆ. ಮುಗಿದಾಗ ಹತ್ತು, ಎಲ್ಲರ ಕಣ್ಣೂ ಕೈಗಡಿಯಾರದ ಮೇಲೆ. ಆ ಒಂದೂವರೆ ಗಂಟೆ ಎಲ್ಲಿಂದ ಕದ್ದದ್ದು? ಊಟದಿಂದ, ಮಾತಿನಿಂದ. ಸನ್ಮಾನವನ್ನು ಬೇರೆ ದಿನಕ್ಕೆ ಹಾಕಿ ಆರಕ್ಕೆ ಸರಿಯಾಗಿ ನಾಟಕ ಶುರುವಾದರೆ ಎಂಟೂವರೆಗೆ ಮುಗಿಯುತ್ತದೆ. ಒಂಬತ್ತಕ್ಕೆ ಮೇಜು, ಹತ್ತೂವರೆಗೆ ರೈಲು. ಪಾತ್ರೆ ತೊಳೆಯುವ ಹುಡುಗನೂ ಹೊತ್ತಿಗೆ ಮನೆ ಸೇರುತ್ತಾನೆ. ಮೂರು ಆಕ್ಷೇಪಗಳಿಗೂ ಇದರಲ್ಲೇ ಉತ್ತರವಿದೆ.

ಆ ಮೇಜು ಫ್ರೆಂಚ್ ಬಿಸ್ಟ್ರೊದ್ದೇ ಆಗಬೇಕೆಂದಿಲ್ಲ. ಮಾಲಿನ ಮೇಲ್ಮಹಡಿಗೆ ಹೋಗಿ ನಾಲ್ಕು ಸಾವಿರ ಕೊಟ್ಟರೆ ಬರುವುದು ಅದರ ಕುರ್ಚಿ ಮಾತ್ರ. ಗುಣ ಬೇಕಿದ್ದರೆ ಹತ್ತಿರದ ಉಡುಪಿ ಹೋಟೆಲೇ ಸಾಕು. ಅದರ ವೇಗ ಹಗಲಿಗೆ ದೊಡ್ಡ ಗುಣ, ಕುರ್ಚಿಯ ಹಿಂದೆ ಇನ್ನೊಬ್ಬರು ಕಾದು ನಿಂತಿರುವಾಗ ಹಾಗೆಯೇ ಇರಬೇಕು. ರಾತ್ರಿ ಒಂಬತ್ತರ ಮೇಲೆ ಒಂದು ಮೂಲೆಯನ್ನು ಬಿಟ್ಟುಕೊಡಲು ಮಾಲೀಕರನ್ನು ಕೇಳಬಹುದು. ಮುಂಬಯಿಯಲ್ಲಿ ಹೋಟೆಲಿನ ಹುಡುಗರು ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು, ಆ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಬಣ್ಣ ಹಚ್ಚಿದರು. ಅಲ್ಲಿನ ಕನ್ನಡ ರಂಗಭೂಮಿಗೂ ಹೋಟೆಲಿಗೂ ನಂಟು ಹೊಸದೇನಲ್ಲ, ಮತ್ತೆ ನೆನಪಿಸಿದರೆ ಸಾಕು. ಒಂದು ಕಪ್ಪು ಹಲಗೆ, ಒಂದೇ ದರ, ಮೂರು ಬಗೆ. ಬಿಸಿ ಸಾರು, ಅನ್ನ, ಒಂದು ಪಲ್ಯ. ನಟನಟಿಯರನ್ನೂ ಕರೆಯಿರಿ. ಎಲ್ಲ ದೇಶದ ನಟರೂ ಆಟ ಮುಗಿದ ಮೇಲೆಯೇ ಹಸಿದಿರುತ್ತಾರೆ. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುವ ಬ್ಯಾಂಕ್ ನೌಕರರೊಬ್ಬರಿಗೆ ‘ಆ ಮೂರನೇ ದೃಶ್ಯದಲ್ಲಿ ನೀವು ಯಾಕೆ ಸುಮ್ಮನೆ ನಿಂತಿರಿ?’ ಎಂದು ಕೇಳುವ ಅವಕಾಶ ಯಾವ ಸಿನಿಮಾ ಕೊಟ್ಟೀತು?

ಮುಂದಿನ ನಾಟಕಕ್ಕೆ ಟಿಕೆಟ್ ಕಾದಿರಿಸುವಾಗ ಒಂದು ಮೇಜನ್ನೂ ಕಾದಿರಿಸಿ. ಆರು ಜನ ಸಾಕು, ಅವರಲ್ಲಿ ಒಬ್ಬರಾದರೂ ಇಪ್ಪತ್ತರ ಒಳಗಿನವರಿರಲಿ. ಬೇಗ ತಿಂದು ಬರಬೇಡಿರೆಂದು ಎಲ್ಲರಿಗೂ ಹೇಳಿ. ಹೋಟೆಲಿನವರಿಗೂ ಒಂದು ಮಾತು ಮೊದಲೇ ಹೇಳಿಡಿ: ನಾವು ಕೇಳುವವರೆಗೆ ಬಿಲ್ಲು ತರಬೇಡಿ.